ಹೆಗಲೇರುವ ಮುನ್ನ ಇಳಿಯಲು ಕಲಿಯಿರಿ

ಶಾಲಾ ವಾರ್ಷಿಕೋತ್ಸವ ಬಂತೆಂದರೆ ಮಕ್ಕಳ ಪಿರಮಿಡ್ ಇರಲೇಬೇಕು. ಮೊಸರು ಕುಡಿಕೆಯ ದಿನ ಯುವಕ ಮಂಡಲದವರು ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುತ್ತಾರೆ. ಬಡಾವಣೆಯ ಯೋಗ ತರಗತಿಗಳಲ್ಲೂ ಇಬ್ಬರು ಕೂಡಿ ಮಾಡುವ ಸಮತೋಲನದ ಭಂಗಿಗಳನ್ನು ಕಲಿಸುವುದುಂಟು. ಇವೆಲ್ಲ ಒಳ್ಳೆಯ ವ್ಯಾಯಾಮಗಳೇ. ಆದರೆ ನಾಲ್ಕಡಿ ಎತ್ತರದಿಂದ ತಲೆಕೆಳಗಾಗಿ ಬಿದ್ದರೂ ಕುತ್ತಿಗೆಯ ಮೂಳೆ ಮುರಿಯಬಹುದು. ಆದ್ದರಿಂದ ಹತ್ತುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಯಬೇಕು.

ಭಾರ ಯಾರ ಮೇಲೆ?

ತಳದಲ್ಲಿ ಮೂವರು, ಅವರ ಮೇಲೆ ಇಬ್ಬರು, ತುದಿಯಲ್ಲಿ ಒಬ್ಬರು ಮಂಡಿಯೂರಿ ಮಾಡುವ ಪಿರಮಿಡ್ ತೆಗೆದುಕೊಳ್ಳಿ. ಎಲ್ಲರೂ 40 ಕಿಲೋ ತೂಗುತ್ತಾರೆ, ಒಬ್ಬೊಬ್ಬರ ಭಾರ ಕೆಳಗಿನ ಇಬ್ಬರಿಗೆ ಸಮನಾಗಿ ಹಂಚುತ್ತದೆ ಎಂದುಕೊಳ್ಳೋಣ. ಆಗ ತಳದ ಅಂಚಿನವರ ಮೇಲೆ 30 ಕಿಲೋ, ನಡುವಿನ ಮಗುವಿನ ಮೇಲೆ 60 ಕಿಲೋ ಬೀಳುತ್ತದೆ. ಇನ್ನೊಂದು ಸಾಲು ಹೆಚ್ಚಿಸಿದರೆ ತಳದ ನಡುವಿನ ಇಬ್ಬರೂ ತಲಾ 85 ಕಿಲೋ ಹೊರಬೇಕು! ಕಲಿಯುವವರಿಗೆ ಎರಡು ಸಾಲು ಸಾಕು. ಮೇಲಿನವರು ಕೆಳಗಿನವರ ಭುಜ ಮತ್ತು ಸೊಂಟದ ಮೂಳೆಯ ಮೇಲೆ ಭಾರ ಹಾಕಬೇಕೇ ಹೊರತು ಬೆನ್ನಿನ ನಡುವೆ ಅಲ್ಲ.

ಮುಂಬಯಿಯ ದಹಿ ಹಂಡಿಯಲ್ಲಿ 14 ವರ್ಷದೊಳಗಿನವರಿಗೆ ಅವಕಾಶ ಕೊಡುವುದಿಲ್ಲವೆಂದು 2017ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಹೈಕೋರ್ಟಿಗೆ ಹೇಳಿತು. ನಮ್ಮೂರಿನಲ್ಲೂ ಈ ಎಚ್ಚರ ಇರಲಿ.

ಅಭ್ಯಾಸದ ಕ್ರಮ

* ಸಿಮೆಂಟ್ ನೆಲದ ಮೇಲೆ ಜಮಖಾನ ಜಾರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಪಾದ ಹೊರಳುತ್ತದೆ. ವ್ಯಾಯಾಮದ ಗಟ್ಟಿ ಮ್ಯಾಟ್ ಬಳಸಿ.

* ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಕೈಗೆ ಎಣ್ಣೆಯ ಪಸೆ ಇರಬಾರದು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ.

* ಕೆಳಗಿರುವವರು ಕೈ ನೇರವಾಗಿಡಲಿ. ಮಣಿಕಟ್ಟು, ಮೊಣಕೈ, ಭುಜ ಒಂದೇ ಗೆರೆಯಲ್ಲಿದ್ದರೆ ಭಾರವನ್ನು ಮೂಳೆಗಳು ಹೊರುತ್ತವೆ, ಸ್ನಾಯುಗಳು ಬೇಗ ದಣಿಯುವುದಿಲ್ಲ.

* ಇಬ್ಬರು ಅಭ್ಯಾಸ ಮಾಡುವಾಗ ಕಾಯಲು ಮೂರನೆಯವರು ಬೇಕು. ಅವರ ಕಣ್ಣು ಸದಾ ಮೇಲಿರುವವರ ಮೇಲಿರಬೇಕು. ಬಿದ್ದರೆ ಅವರು ಮೊದಲು ಕಾಯಬೇಕಾದದ್ದು ತಲೆ ಮತ್ತು ಕುತ್ತಿಗೆಯನ್ನು.

* 'ಇಳಿಸು' ಎಂದು ಯಾರು ಹೇಳಿದರೂ ತಕ್ಷಣ ಇಳಿಯಬೇಕು. 'ಇನ್ನೊಂದು ನಿಮಿಷ, ಫೋಟೋ ತೆಗೆಯಲಿ' ಎನ್ನುವಂತಿಲ್ಲ. ಮೇಲಿನವರು ಮೊದಲು, ಒಬ್ಬೊಬ್ಬರಾಗಿ ಇಳಿಯಲಿ.

ಯಾರಿಗೆ ಬೇಡ?

ಗರ್ಭಿಣಿಯರು, ಮೂರ್ಛೆರೋಗ ಇರುವವರು, ಬೆನ್ನಿನ ಡಿಸ್ಕ್ ಜಾರಿದವರು, ಮೂಳೆ ಸವೆತ ಇರುವವರು ಇದರಿಂದ ದೂರವಿರಬೇಕು. ಹತೋಟಿಯಲ್ಲಿಲ್ಲದ ರಕ್ತದೊತ್ತಡ ಅಥವಾ ಗ್ಲಾಕೋಮಾ ಇದ್ದರೆ ತಲೆಕೆಳಗಾಗುವ ಭಂಗಿ ಸಲ್ಲದು.

ಬಿದ್ದರೆ ಏನು ಮಾಡಬೇಕು?

ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಕುತ್ತಿಗೆ ನೋವು, ಕೈಕಾಲು ಜೋಮು ಅಥವಾ ಬಲಹೀನತೆ ಇದ್ದರೆ, ಪ್ರಜ್ಞೆ ತಪ್ಪಿದ್ದರೆ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಎತ್ತುವಾಗ ಮುರಿದ ಮೂಳೆ ಸರಿದರೆ ಶಾಶ್ವತ ಪಾರ್ಶ್ವವಾಯು ಆಗಬಹುದು. ಬಿದ್ದಲ್ಲೇ ಇರಲಿ. ಎರಡೂ ಕೈಗಳಿಂದ ತಲೆ ಅಲುಗದಂತೆ ಹಿಡಿದುಕೊಂಡು, ಉಸಿರಾಟ ಗಮನಿಸುತ್ತ, 108ಕ್ಕೆ ಕರೆ ಮಾಡಿಸಿ.

ತಲೆಗೆ ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಅತಿಯಾದ ನಿದ್ದೆ, ತಡವರಿಸುವ ಮಾತು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಣಿಕಟ್ಟು ಊದಿಕೊಂಡರೆ ಎಣ್ಣೆ ಹಚ್ಚಿ ನೀವಬೇಡಿ, ಎಳೆಸಬೇಡಿ. ಹಳೆಯ ದಿನಪತ್ರಿಕೆಯನ್ನು ದಪ್ಪವಾಗಿ ಮಡಿಸಿ ಕೈಗೆ ಆಸರೆಯಾಗಿ ಕಟ್ಟಿ ವೈದ್ಯರಿಗೆ ತೋರಿಸಿ. ಮಕ್ಕಳಲ್ಲಿ ಬರಿಯ ಉಳುಕಿನಂತೆ ಕಾಣುವುದು ಮೂಳೆ ಬೆಳೆಯುವ ಭಾಗದ ಮುರಿತವೂ ಆಗಿರಬಹುದು.

ತಂದೆತಾಯಂದಿರೇ, ಮಗು ಪಿರಮಿಡ್‌ನಲ್ಲಿದೆ ಎಂದು ತಿಳಿದಾಗ ಶಿಕ್ಷಕರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಸಾಲು? ಕೆಳಗೆ ಮ್ಯಾಟ್ ಇದೆಯೇ? ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಸರಿಯಾದ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಹೋಗಿ ಚಪ್ಪಾಳೆ ತಟ್ಟಿ.