ಮಕ್ಕಳು ಹಳದಿಯನ್ನು ಬಿಡದಂತೆ ಮೊಟ್ಟೆಯ ತಿನಿಸು: ಅಭ್ಯಾಸ ಪಾಠ

(ಶಾಲಾ ಅಡುಗೆ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಪೋಷಕರ ಉಪಯೋಗಕ್ಕಾಗಿ)

ರಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಆರಂಭವಾದ ಬೇಯಿಸಿದ ಮೊಟ್ಟೆಯ ವಿತರಣೆಯು 2024ರಲ್ಲಿ ವಾರದ 6 ದಿನಗಳಿಗೆ ವಿಸ್ತರಣೆಗೊಂಡಿತು. ಮೊಟ್ಟೆಯು ತಟ್ಟೆಗೆ ಬಂದರೆ ಸಾಲದು. ಮಗುವಿನ ಹೊಟ್ಟೆಗೆ ಸೇರಬೇಕು. ಬಿಳಿಭಾಗವನ್ನಷ್ಟೇ ತಿಂದು ಹಳದಿಯನ್ನು ತಟ್ಟೆಯಲ್ಲಿ ಉಳಿಸುವ ಮಕ್ಕಳು ಅನೇಕರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದು, ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಬಿಳಿಭಾಗದಲ್ಲಿದೆ. ಆದರೆ ಎ ಮತ್ತು ಡಿ ಜೀವಸತ್ವಗಳು, ಕಬ್ಬಿಣಾಂಶ ಹಾಗೂ ಮಿದುಳಿಗೆ ಬೇಕಾದ ಕೋಲಿನ್ ಇರುವುದು ಬಹುತೇಕ ಹಳದಿಯಲ್ಲಿಯೇ. ಹಳದಿ ಕಸಕ್ಕೆ ಹೋದರೆ ಇವೂ ಹೋದಂತೆ.

ಹಳದಿ ಏಕೆ ರುಚಿಸುವುದಿಲ್ಲ?

ಅತಿಯಾಗಿ ಬೆಂದ ಮೊಟ್ಟೆಯಲ್ಲಿ ಬಿಳಿಭಾಗದ ಗಂಧಕವು ಹಳದಿಯ ಕಬ್ಬಿಣದೊಂದಿಗೆ ಸೇರಿ ಹಸಿರು ಉಂಗುರ ಮೂಡುತ್ತದೆ. ಇದು ಅಪಾಯಕಾರಿಯಲ್ಲ, ಆದರೆ ಹಳದಿ ಪುಡಿಪುಡಿಯಾಗಿ ಗಂಟಲಿಗೆ ಅಂಟುತ್ತದೆ, ವಾಸನೆಯೂ ಬರುತ್ತದೆ. ನೀರು ಕುದಿ ಹಿಡಿದ ಮೇಲೆ 10ರಿಂದ 12 ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಬೇಕು. ಹಳದಿ ಪೂರ್ಣ ಗಟ್ಟಿಯಾಗಿರಬೇಕು. ಅರೆಬೆಂದ ಮೊಟ್ಟೆಯನ್ನು ಮಕ್ಕಳಿಗೆ ಕೊಡಬಾರದು.

ಎರಡು ತಿನಿಸುಗಳು

1. ಮೊಟ್ಟೆ ದೋಣಿ: ಬೆಂದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ ಹಳದಿಯನ್ನು ತೆಗೆಯಿರಿ. ಅದಕ್ಕೆ ಕೊತ್ತಂಬರಿ ಸೊಪ್ಪು, ಚಿಟಿಕೆ ಮೆಣಸಿನ ಪುಡಿ, ಉಪ್ಪು, ಒಂದು ಚಮಚ ಮೊಸರು, ನಾಲ್ಕು ಹನಿ ನಿಂಬೆರಸ ಬೆರೆಸಿ ಮಿದ್ದು, ಮತ್ತೆ ಬಿಳಿಯ ದೋಣಿಯಲ್ಲಿ ತುಂಬಿರಿ. ತೆಳುವಾದ ಕ್ಯಾರೆಟ್ ಹಲ್ಲೆಯೇ ಹಾಯಿ. ಮೊಸರು ಹಳದಿಯ ಒಣತನವನ್ನು ನೀಗಿಸುತ್ತದೆ. ಮೊಟ್ಟೆಯಲ್ಲಿಲ್ಲದ ಸಿ ಜೀವಸತ್ವವು ನಿಂಬೆಯಿಂದ ದೊರೆಯುತ್ತದೆ.

2. ಮೊಟ್ಟೆ ಪಡ್ಡು: 4 ಮೊಟ್ಟೆಗಳನ್ನು ಒಡೆದು, ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್, ಒಂದು ಹಿಡಿ ನುಗ್ಗೆಸೊಪ್ಪು, ಉಪ್ಪು, ಅರಿಶಿನ ಸೇರಿಸಿ ಕಲಸಿ. ಎಣ್ಣೆ ಸವರಿದ 12 ಗುಳಿಯ ಪಡ್ಡಿನ ಕಾವಲಿಗೆ ಸಮನಾಗಿ ಹೊಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಮಗುವಿಗೆ 3 ಪಡ್ಡು ಕೊಟ್ಟರೆ ಒಂದು ಮೊಟ್ಟೆಯ ಲೆಕ್ಕ ಸರಿಹೋಗುತ್ತದೆ. ಹಳದಿಯನ್ನು ಬೇರ್ಪಡಿಸಿ ಬಿಡಲು ಇಲ್ಲಿ ಅವಕಾಶವೇ ಇಲ್ಲ.

ಗಮನಿಸಬೇಕಾದ ಅಂಶಗಳು

* ಬಿರುಕು ಬಿಟ್ಟ ಮೊಟ್ಟೆಯನ್ನು ಬಳಸಬಾರದು. ನೀರಿನಲ್ಲಿ ತೇಲುವ ಮೊಟ್ಟೆ ಹಳೆಯದು, ಅದನ್ನು ಬದಿಗಿಡಬೇಕು.
* ಹಸಿ ಮೊಟ್ಟೆ ಮುಟ್ಟಿದ ಕೈ ಮತ್ತು ಪಾತ್ರೆಗಳನ್ನು ಸಾಬೂನಿನಿಂದ ತೊಳೆಯಬೇಕು.
* ಬೇಯಿಸಿದ ತಿನಿಸನ್ನು 2 ಗಂಟೆಯೊಳಗೆ ಬಡಿಸಬೇಕು.
* ಮೊಟ್ಟೆ ತಿಂದಾಗ ತುರಿಕೆ, ವಾಂತಿ, ಉಸಿರಾಟದ ತೊಂದರೆ ಕಂಡ ಮಗುವಿಗೆ ಮತ್ತೆ ಕೊಡದೆ ವೈದ್ಯರಿಗೆ ತೋರಿಸಬೇಕು.
* ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನು ಅದೇ ಸಾಲಿನಲ್ಲಿ, ಅದೇ ಹೊತ್ತಿಗೆ ನೀಡಬೇಕು. ಯಾವ ಮಗುವನ್ನೂ ಪ್ರತ್ಯೇಕವಾಗಿ ಕೂರಿಸಕೂಡದು.

ಅಭ್ಯಾಸ: ಊಟದ ನಂತರ ತಟ್ಟೆಗಳಲ್ಲಿ ಉಳಿದ ಹಳದಿಗಳನ್ನು ಒಂದು ವಾರ ಎಣಿಸಿ ಬರೆದಿಡಿ. ಮುಂದಿನ ವಾರ ಬೇಯಿಸುವ ಸಮಯವನ್ನು ಮೇಲಿನಂತೆ ಪಾಲಿಸಿ ಮತ್ತೆ ಎಣಿಸಿ. ಎರಡು ಸಂಖ್ಯೆಗಳ ವ್ಯತ್ಯಾಸವೇ ಈ ಪಾಠದ ಫಲಿತಾಂಶ.