ಆಡಿನ ಹಾಲು ಕುಡಿಯದ ಹಕ್ಕಿ

ಅಥಣಿ, ರಾಯಬಾಗಗಳ ಬೀಳುನೆಲದಲ್ಲಿ ಕತ್ತಲಾದ ಮೇಲೆ ‘ಚಕ್ ಚಕ್ ಚಕ್ ಟರ್ರ್’ ಎಂಬ ಸದ್ದು ಕೇಳಿದ್ದೀರಾ? ಅದು ನತ್ತಿಂಗ. ಹಗಲೆಲ್ಲ ತರಗೆಲೆಯಂತೆ ನೆಲಕ್ಕಂಟಿ ಕುಳಿತಿರುವ ಈ ಪಕ್ಷಿ ಕಾಲಬಳಿ ಇದ್ದರೂ ಕಾಣದು. ಗೂಡು ಕಟ್ಟುವುದಿಲ್ಲ, ಬರಿನೆಲದ ಮೇಲೆಯೇ ಎರಡು ಮೊಟ್ಟೆ. ಇರುಳಿನಲ್ಲಿ ಅಗಲವಾದ ಬಾಯಿ ತೆರೆದು ಪತಂಗ, ಜೀರುಂಡೆಗಳನ್ನು ಹಾರುತ್ತಲೇ ಹಿಡಿಯುತ್ತದೆ. ಇದರ ದೂರದ ಬಂಧುವಾದ ಕಪ್ಪೆಬಾಯಿ ಹಕ್ಕಿ ಪಶ್ಚಿಮಘಟ್ಟದ ಮತ್ತು ಸಿಂಹಳ ದ್ವೀಪದ ಕಾಡುಗಳದು; ನಮ್ಮ ಬಯಲಿಗೆ ಬಾರದು.

1758ರಲ್ಲಿ ಲಿನೇಯಸನು ಈ ಕುಲಕ್ಕಿಟ್ಟ ಹೆಸರು ಕ್ಯಾಪ್ರಿಮಲ್ಗಸ್, ಅಂದರೆ ಆಡಿನ ಹಾಲು ಕರೆಯುವುದು. ಅರಿಸ್ಟಾಟಲನ ಕಾಲದಿಂದ ಬಂದ ಅಪವಾದವಿದು. ಪಾಪ, ಅದು ಆಡುಗಳ ಬಳಿ ಸುಳಿಯುವುದು ಅಲ್ಲಿ ಮುತ್ತುವ ಹುಳುಗಳಿಗಾಗಿ! ನಿಪ್ಪಾಣಿಯ ತಂಬಾಕಿನ ಎಲೆ ತಿನ್ನುವ ಹುಳುವೂ ಬೆಳೆದರೆ ಇರುಳಿನ ಪತಂಗವೇ ಅಲ್ಲವೇ?

ರಾತ್ರಿ ನತ್ತಿಂಗ ರಸ್ತೆಯ ಮೇಲೂ ಕೂರುತ್ತದೆ. ದೀಪದ ಬೆಳಕಿಗೆ ಕೆಂಪಗೆ ಹೊಳೆಯುವ ಕಣ್ಣು ಕಂಡೊಡನೆ ಮೋಟಾರಿನ ವೇಗ ತಗ್ಗಿಸಬೇಕು. ಅದು ಏಳುವುದು ಗಾಲಿ ಹತ್ತಿರ ಬಂದ ಮೇಲೆಯೇ.