ಮರಿಗೆ ಕ್ರೇಟ್ ಜೈಲಾಗದಿರಲಿ

ಪೊಮೆರೇನಿಯನ್, ಶಿ ತ್ಸುಗಳಂಥ ಪುಟ್ಟ ತಳಿಯ ನಾಯಿಮರಿ ಮನೆಗೆ ಬಂದಿದೆಯೇ? ಮೊದಲ ದಿನದಿಂದಲೇ ಅದಕ್ಕೊಂದು ಕ್ರೇಟ್, ಅಂದರೆ ಬಾಗಿಲಿರುವ ಗೂಡು, ಇಡಿ. ಎದ್ದು ನಿಲ್ಲಲು, ಒಂದು ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಮರಿ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದರಲ್ಲಿ ಮಲಗುತ್ತದೆ. ಮಲಗುವ ಜಾಗ ಕೊಳೆ ಮಾಡಿಕೊಳ್ಳದ ಅದರ ಸ್ವಭಾವವೇ ಶೌಚದ ರೂಢಿ ಮಾಡಿಸಲು ನಮಗೆ ಆಸರೆ.

ಒಳಗೆ ತಳ್ಳಿ ಬಾಗಿಲು ಹಾಕಬೇಡಿ. ಊಟದ ಬಟ್ಟಲನ್ನು ಒಳಗಿಡಿ, ತಾನಾಗಿಯೇ ಹೋಗಲಿ. ತಿನ್ನುವಾಗ ಒಂದೆರಡು ನಿಮಿಷ ಬಾಗಿಲು ಮುಚ್ಚಿ, ಅಳುವ ಮೊದಲೇ ತೆಗೆಯಿರಿ. ತಪ್ಪು ಮಾಡಿತೆಂದು ಅದರೊಳಗೆ ಕೂಡಿಹಾಕಲೇಬೇಡಿ.

ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟವಾದ ಮೇಲೆ ಉಚ್ಚೆ ಹೊಯ್ಯಿಸಲು ಎತ್ತಿಕೊಂಡು ಒಂದೇ ಜಾಗಕ್ಕೆ ಒಯ್ಯಿರಿ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯ ಬದಲು ಬಾಲ್ಕನಿಯಲ್ಲಿ ಹಾಸಿದ ಪೇಪರ್ ಆದರೂ ಸರಿ. ಮುಗಿಸಿದ ಮರುಕ್ಷಣವೇ ಬೆನ್ನು ಸವರಿ, ಒಂದು ಚೂರು ತಿಂಡಿ ಕೊಡಿ. 2 ತಿಂಗಳ ಮರಿ ಹಗಲಲ್ಲಿ ಸುಮಾರು 2 ಗಂಟೆಗಿಂತ ಹೆಚ್ಚು ತಡೆಯಲಾರದು, ಪುಟ್ಟ ತಳಿಗೆ ಅಷ್ಟೂ ಕಷ್ಟ. ರಾತ್ರಿಯೂ ಒಮ್ಮೆ ಏಳಬೇಕಾಗುತ್ತದೆ.

ನೆಲ ಮೂಸುತ್ತ ಸುತ್ತು ಹಾಕತೊಡಗಿದರೆ ತಡಮಾಡದೆ ಎತ್ತಿಕೊಳ್ಳಿ. ಸೋಫಾ ಕೆಳಗೆ ಒದ್ದೆ ಕಂಡರೆ ಮೂತಿ ಉಜ್ಜಿ ಹೊಡೆಯಬೇಡಿ. ಏಟು ಯಾಕೆ ಬಿತ್ತೆಂದು ಅದಕ್ಕೆ ತಿಳಿಯದು, ನಿಮಗೆ ಹೆದರಿ ಮರೆಯಲ್ಲಿ ಹೊಯ್ಯುವುದನ್ನು ಕಲಿಯುತ್ತದೆ. ವಾಸನೆ ಉಳಿಯದಂತೆ ಒರೆಸಿ, ಇಲ್ಲದಿದ್ದರೆ ಮತ್ತೆ ಅಲ್ಲಿಗೇ ಬರುತ್ತದೆ. ರೂಢಿಯಾದ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಹೊಯ್ಯತೊಡಗಿದರೆ ಗದರದೆ ಪಶುವೈದ್ಯರಿಗೆ ತೋರಿಸಿ.